ಉಗುಳಲ್ಲ, ಕಫ ಬೇಕು: ಕ್ಷಯ ಪರೀಕ್ಷೆಗೆ ಮಾದರಿ ಕೊಡುವ ಬಗೆ

ಎರಡು ವಾರ ದಾಟಿದರೂ ಬಿಡದ ಕೆಮ್ಮು, ಸಂಜೆಯಾದರೆ ಸಣ್ಣಗೆ ಏರುವ ಜ್ವರ, ರಾತ್ರಿ ಬೆವರು, ಕಾರಣವಿಲ್ಲದೆ ಇಳಿಯುವ ತೂಕ, ಕಫದಲ್ಲಿ ರಕ್ತ. ಇವುಗಳಲ್ಲಿ ಯಾವುದೊಂದು ಕಂಡರೂ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಉಚಿತ. ಆದರೆ ಡಬ್ಬಿ ಕೈಗೆ ಕೊಟ್ಟು ‘ಕಫ ತಗೊಂಡ್ ಬನ್ನಿ’ ಎಂದಷ್ಟೇ ಹೇಳಿದರೆ ಬಹಳ ಮಂದಿ ತರುವುದು ಬರೀ ಉಗುಳು. ಉಗುಳಿನಲ್ಲಿ ಕ್ಷಯದ ರೋಗಾಣು ಸಿಗುವುದು ಕಡಿಮೆ. ವರದಿ ‘ನೆಗೆಟಿವ್’ ಎಂದು ಬರುತ್ತದೆ, ರೋಗ ಒಳಗೇ ಉಳಿಯುತ್ತದೆ.

ಹೇಳಿಕೊಡುವುದರಿಂದ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದನ್ನು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದ ಅಧ್ಯಯನವೊಂದು ತೋರಿಸಿದೆ. 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅದರಲ್ಲಿ ಮೂರು ಸಾವಿರ ಶಂಕಿತ ರೋಗಿಗಳಿದ್ದರು. ಒಂದು ಗುಂಪಿಗೆ ಕಫ ತೆಗೆಯುವ ಬಗೆಯನ್ನು ಚುಟುಕಾಗಿ ಹೇಳಿಕೊಟ್ಟರು, ಇನ್ನೊಂದಕ್ಕೆ ಎಂದಿನಂತೆ ಡಬ್ಬಿ ಕೊಟ್ಟು ಕಳಿಸಿದರು. ಹೇಳಿಸಿಕೊಂಡ ಹೆಂಗಸರಲ್ಲಿ ಶೇ 13 ಮಂದಿಯ ಕಫದಲ್ಲಿ ರೋಗಾಣು ಕಂಡಿತು, ಹೇಳಿಸಿಕೊಳ್ಳದವರಲ್ಲಿ ಶೇ 8 ಮಾತ್ರ. ಗಂಡಸರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ನಾಲ್ಕು ಜನರ ಎದುರು ಜೋರಾಗಿ ಕೆಮ್ಮಿ ಉಗುಳಲು ನಮ್ಮ ಕಡೆಯ ಹೆಣ್ಣುಮಕ್ಕಳಿಗೂ ಸಂಕೋಚವೇ. ಹಾಗಾಗಿ ಮುಂದಿನ ವಿವರವನ್ನು ಮನೆಯ ತಾಯಂದಿರಿಗೆ, ಅಜ್ಜಿಯರಿಗೆ ಓದಿ ಹೇಳಿ.

ಡಬ್ಬಿ ಹಿಡಿಯುವ ಮುನ್ನ

ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಸಂಗತಿ ಹೊರಬಿತ್ತು. ಕ್ಷಯ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ತಾವಾಗಿಯೇ ಆಸ್ಪತ್ರೆ ಬಾಗಿಲಿಗೆ ಹೋಗಿದ್ದರು, ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ. ಇಂದು ಬಾಟಲಿಯ ಜೊತೆ ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ಕೂಡ ಸೇರಿಕೊಂಡಿದೆ. ಲೆವೊಫ್ಲಾಕ್ಸಸಿನ್, ಆಫ್ಲಾಕ್ಸಸಿನ್ ಮಾತ್ರೆಗಳು ಕ್ಷಯದ ರೋಗಾಣುವಿನ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತವೆ. ಒಂದು ವಾರ ನುಂಗಿದರೆ ಕೆಮ್ಮು ತಗ್ಗಿದಂತೆ ಕಾಣುತ್ತದೆ, ಕಫದಲ್ಲಿ ರೋಗಾಣು ಕಡಿಮೆಯಾಗುತ್ತದೆ, ರೋಗ ಮಾತ್ರ ವಾಸಿಯಾಗುವುದಿಲ್ಲ. ಮಾದರಿ ಕೊಡುವ ಮೊದಲು ಅವನ್ನು ನೀವಾಗಿಯೇ ತೆಗೆದುಕೊಳ್ಳಬೇಡಿ. ಆಗಲೇ ತೆಗೆದುಕೊಂಡಿದ್ದರೆ ವೈದ್ಯರಿಗೆ ಹೆಸರು ಸಮೇತ ತಿಳಿಸಿ.

ಸಾಮಾನ್ಯವಾಗಿ ಎರಡು ಮಾದರಿ ಕೇಳುತ್ತಾರೆ. ಮೊದಲನೆಯದು ಆರೋಗ್ಯ ಕೇಂದ್ರಕ್ಕೆ ಹೋದಾಗಲೇ, ಇನ್ನೊಂದು ಮರುದಿನ ಬೆಳಿಗ್ಗೆ ಎದ್ದ ಕೂಡಲೇ. ರಾತ್ರಿಯಿಡೀ ಶ್ವಾಸನಾಳದಲ್ಲಿ ಕೂಡಿಕೊಂಡ ಕಫ ಬೆಳಗಿನ ಮೊದಲ ಕೆಮ್ಮಿಗೆ ಬರುವುದರಿಂದ ಆ ಮಾದರಿಗೆ ಬೆಲೆ ಹೆಚ್ಚು. ಹಿಂದಿನ ರಾತ್ರಿ ಚೆನ್ನಾಗಿ ನೀರು ಕುಡಿದರೆ ಕಫ ಸಡಿಲವಾಗುತ್ತದೆ.

ಹೆಸರನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಸಿ. ಲ್ಯಾಬಿನಲ್ಲಿ ಹತ್ತಾರು ಡಬ್ಬಿಗಳ ಮುಚ್ಚಳ ಒಟ್ಟಿಗೆ ತೆರೆದಾಗ ಅದಲುಬದಲಾಗುವುದು ಮುಚ್ಚಳವೇ.

ಕಫ ತೆಗೆಯುವಾಗ

ಏನನ್ನೂ ತಿನ್ನುವ ಮೊದಲು ಕುದಿಸಿ ಆರಿಸಿದ ನೀರಿನಿಂದ ಬಾಯಿ ಮುಕ್ಕಳಿಸಿ. ಅನ್ನದ ಅಗುಳು, ಎಲೆ ಅಡಿಕೆ, ಗುಟ್ಕಾದ ಚೂರು ಉಳಿದಿದ್ದರೆ ಪರೀಕ್ಷೆಗೆ ತೊಡಕು. ಪೇಸ್ಟ್, ಮೌತ್‌ವಾಶ್ ಆಮೇಲೆ ಬಳಸಿ, ಅವುಗಳಲ್ಲಿರುವ ರಾಸಾಯನಿಕ ರೋಗಾಣುವನ್ನು ಕೊಲ್ಲಬಹುದು. ಕುದಿಸದ ನಲ್ಲಿ ನೀರಿನಲ್ಲಿ ಕ್ಷಯದ ರೋಗಾಣುವನ್ನು ಹೋಲುವ ಬೇರೆ ಬ್ಯಾಕ್ಟೀರಿಯಾಗಳು ಇರಬಹುದಾದ್ದರಿಂದ ಕುದಿಸಿದ ನೀರೇ ಲೇಸು.

ಹಿತ್ತಲಿಗೋ ತಾರಸಿಗೋ ಹೋಗಿ. ಬಯಲಿನ ಗಾಳಿಯಲ್ಲಿ ರೋಗಾಣು ಚದುರಿಹೋಗುತ್ತದೆ, ಮುಚ್ಚಿದ ಕೋಣೆಯಲ್ಲಿ, ಬಚ್ಚಲಿನಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ. ಎದುರಿಗೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ.

ಈಗ ಮುಖ್ಯ ಕೆಲಸ. ನೆಟ್ಟಗೆ ಕೂತು ಎದೆ ತುಂಬ ಉಸಿರೆಳೆದುಕೊಳ್ಳಿ, ನಾಲ್ಕೈದು ಸೆಕೆಂಡ್ ಹಿಡಿದಿಟ್ಟು ನಿಧಾನವಾಗಿ ಬಿಡಿ. ಇನ್ನೊಮ್ಮೆ ಹಾಗೇ ಮಾಡಿ. ಮೂರನೆಯ ಸಲ ಉಸಿರೆಳೆದು, ಹೊಟ್ಟೆಯ ಸ್ನಾಯುಗಳನ್ನು ಬಿಗಿಹಿಡಿದು, ಎದೆಯಾಳದಿಂದ ಬಲವಾಗಿ ಕೆಮ್ಮಿ. ಗಂಟಲಿನಿಂದ ಕ್ಯಾಕರಿಸಿ ತೆಗೆದದ್ದು ಬೇಡ, ಮೂಗಿನಿಂದ ಹಿಂದಕ್ಕೆಳೆದ ಸಿಂಬಳವೂ ಬೇಡ. ಕಫ ಬಾಯಿಗೆ ಬಂದ ಕೂಡಲೇ ಡಬ್ಬಿಯನ್ನು ತುಟಿಗೆ ಹತ್ತಿರ ಹಿಡಿದು ಮೆಲ್ಲಗೆ ಒಳಗೆ ಬಿಡಿ, ಹೊರಮೈಗೆ ತಾಗದಿರಲಿ.

ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿ. ನೊರೆನೊರೆಯಾಗಿ, ನೀರಿನಂತೆ ತಿಳಿಯಾಗಿದ್ದರೆ ಅದು ಉಗುಳು. ಬೇಕಾದದ್ದು ದಪ್ಪಗೆ ಲೋಳೆಲೋಳೆಯಾಗಿರುವ, ಬಿಳಿ, ಹಳದಿ ಅಥವಾ ಹಸಿರು ಛಾಯೆಯ ಅಂಟು ಕಫ. ಅಳತೆ 2ರಿಂದ 5 ಮಿ.ಲೀ., ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಸಾಲದಿದ್ದರೆ ಸುಧಾರಿಸಿಕೊಂಡು ಮತ್ತೆ ಕೆಮ್ಮಿ, ಆತುರ ಬೇಡ. ಅಳತೆ ತುಂಬಿಸಲು ಉಗುಳು ಬೆರೆಸಲೇಬೇಡಿ. ರಕ್ತದ ಎಳೆ ಕಂಡರೆ ಲ್ಯಾಬಿನವರಿಗೆ ಹೇಳಿ, ರಕ್ತ ಹೆಚ್ಚಿದ್ದರೆ ಯಂತ್ರದ ಪರೀಕ್ಷೆಗೆ ಅಡ್ಡಿಯಾಗಬಹುದು.

ಮುಚ್ಚಳ ಬಿಗಿಯಾಗಿ ತಿರುಗಿಸಿ, ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನೆಟ್ಟಗೆ ನಿಲ್ಲಿಸಿ, ಸೋಪಿನಿಂದ ಕೈ ತೊಳೆಯಿರಿ. ಅಂದೇ, ಆದಷ್ಟು ಬೇಗ ಕೇಂದ್ರಕ್ಕೆ ತಲುಪಿಸಿ. ಬಿಸಿಲಿಗೆ ಬಿದ್ದ, ಬಸ್ಸಿನ ಕಿಟಕಿಯ ಪಕ್ಕ ಕಾದ ಮಾದರಿಯಲ್ಲಿ ಕ್ಷಯದ ರೋಗಾಣು ಸಾಯುತ್ತದೆ, ಬೇರೆ ಬ್ಯಾಕ್ಟೀರಿಯಾ ಬೆಳೆದು ಕಲ್ಚರ್, ಅಂದರೆ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಕೆಡುತ್ತದೆ. ಲ್ಯಾಬಿನಲ್ಲಿ ಇದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡುತ್ತಾರೆ. ಮನೆಯ ಫ್ರಿಜ್ಜಿನಲ್ಲಿ ಊಟದ ಪಾತ್ರೆಗಳ ನಡುವೆ ಇಡುವ ಗೋಜು ಬೇಡ, ಕೇಂದ್ರಕ್ಕೆ ಹೋಗುವ ದಿನದ ಬೆಳಿಗ್ಗೆಯೇ ಕಫ ತೆಗೆಯಿರಿ.

ಚಿಕ್ಕ ಮಕ್ಕಳಿಗೆ ಕಫ ಉಗುಳಲು ಬಾರದು, ನುಂಗಿಬಿಡುತ್ತಾರೆ. ಅವರಿಗೆ ಖಾಲಿ ಹೊಟ್ಟೆಯಲ್ಲಿ ಜಠರದ ದ್ರವ ತೆಗೆದು ಪರೀಕ್ಷಿಸುತ್ತಾರೆ, ಮಲದ ಮಾದರಿಯಿಂದಲೂ ಪತ್ತೆ ಸಾಧ್ಯ. ಒಣಕೆಮ್ಮಿನ ದೊಡ್ಡವರಿಗೆ ಉಪ್ಪು ನೀರಿನ ನೆಬ್ಯುಲೈಜರ್ ಕೊಟ್ಟು ಕಫ ಬರಿಸುವುದುಂಟು. ಇವೆಲ್ಲ ಆಸ್ಪತ್ರೆಯಲ್ಲೇ ಆಗಬೇಕು.

ವರದಿ ಕೈಗೆ ಬಂದಾಗ

ಸೂಕ್ಷ್ಮದರ್ಶಕದಲ್ಲಿ ಕಾಣಿಸಬೇಕಾದರೆ ಒಂದು ಮಿ.ಲೀ. ಕಫದಲ್ಲಿ ಸುಮಾರು 5 ಸಾವಿರದಿಂದ 10 ಸಾವಿರ ರೋಗಾಣು ಇರಬೇಕು. ಸಿಬಿನ್ಯಾಟ್ ಯಂತ್ರಕ್ಕೆ ನೂರು, ನೂರೈವತ್ತರ ಆಸುಪಾಸು ಸಾಕು. ಅದು ರೋಗಾಣುವಿನ ಡಿಎನ್‌ಎ ಹುಡುಕಿ, ಕ್ಷಯದ ಮುಖ್ಯ ಔಷಧಿಯಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೋ ಇಲ್ಲವೋ ಎಂಬುದನ್ನೂ ಸುಮಾರು ಎರಡು ಗಂಟೆಯಲ್ಲಿ ಹೇಳುತ್ತದೆ. ಬೆಂಗಳೂರಿನ ಬಿಗ್‌ಟೆಕ್ ಲ್ಯಾಬ್ಸ್ ಅಭಿವೃದ್ಧಿಪಡಿಸಿದ, ಗೋವಾದ ಮಾಲ್‌ಬಯೊ ತಯಾರಿಸುವ ಟ್ರೂನ್ಯಾಟ್ ಎಂಬ ಇಂಥದೇ ಯಂತ್ರ ಬ್ಯಾಟರಿಯಿಂದಲೂ ನಡೆಯುತ್ತದೆ, ಕರೆಂಟ್ ಕೈಕೊಡುವ ಊರುಗಳಿಗೆ ಇದು ದೊಡ್ಡ ಅನುಕೂಲ.

ವರದಿಯಲ್ಲಿ ‘ಇನ್‌ವ್ಯಾಲಿಡ್’ ಅಥವಾ ‘ಎರರ್’ ಎಂದಿದ್ದರೆ ಪರೀಕ್ಷೆ ನಡೆದೇ ಇಲ್ಲ ಎಂದರ್ಥ, ಮತ್ತೆ ಮಾದರಿ ಕೊಡಿ. ‘ಕಂಡುಬಂದಿಲ್ಲ’ ಎಂದಿದ್ದೂ ಲಕ್ಷಣ ಮುಂದುವರಿದರೆ ಎದೆಯ ಎಕ್ಸ್‌ರೇ, ಕಲ್ಚರ್ ಬೇಕಾಗುತ್ತದೆ. ದ್ರವ ಕಲ್ಚರ್‌ನಲ್ಲಿ ‘ಇಲ್ಲ’ ಎನ್ನಲು 42 ದಿನ ಕಾಯಬೇಕು. ಹಿಂದೆ ಕ್ಷಯಕ್ಕೆ ಔಷಧಿ ತೆಗೆದುಕೊಂಡವರು ಅದನ್ನು ಮುಚ್ಚಿಡಬಾರದು, ಸತ್ತ ರೋಗಾಣುವಿನ ಡಿಎನ್‌ಎಯನ್ನೂ ಈ ಯಂತ್ರಗಳು ಹಿಡಿಯುವುದರಿಂದ ವಾಸಿಯಾದವರಲ್ಲೂ ರೋಗ ಇದೆ ಎಂದು ತೋರಿಸಬಹುದು.

ಮಾತ್ರೆ ಶುರುವಾದ ಮೇಲೆ

ಮಾಮೂಲಿ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಭಯಪಡಬೇಕಿಲ್ಲ. ಕಣ್ಣು ಹಳದಿಯಾಗಿ, ವಾಂತಿ ಬರುತ್ತಾ, ಊಟ ಸೇರದೆ, ಮೂತ್ರ ಕಡುಗಂದಾದರೆ ಅದು ಯಕೃತ್ತಿಗೆ ಪೆಟ್ಟು ಬಿದ್ದ ಸೂಚನೆ. ಆ ದಿನದ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಿ. ಕೈಕಾಲು ಜೋಮು ಹಿಡಿದರೆ ಐಸೋನಿಯಾಜಿಡ್‌ನಿಂದ ಇರಬಹುದು, ವೈದ್ಯರು ಬಿ6 ವಿಟಮಿನ್ ಕೊಡುತ್ತಾರೆ. ಕೆಂಪು, ಹಸಿರು ಗುರುತು ಹಿಡಿಯಲು ಕಷ್ಟವಾದರೆ, ದೃಷ್ಟಿ ಮಂಜಾದರೆ ಇಥಾಂಬುಟಾಲ್ ಕಾರಣವಿರಬಹುದು. ಇದನ್ನು ಒಂದು ದಿನವೂ ಅಲಕ್ಷಿಸಬೇಡಿ.

ಎರಡು ತಿಂಗಳು ಮುಗಿದಾಗ ಮತ್ತೆ ಕಫ ಕೇಳುತ್ತಾರೆ, ಚಿಕಿತ್ಸೆಯ ಕೊನೆಯಲ್ಲೂ ಕೇಳುತ್ತಾರೆ. ಆ ಹೊತ್ತಿಗೆ ಕೆಮ್ಮು ನಿಂತಿರುವುದರಿಂದ ‘ಕಫವೇ ಬರೋಲ್ಲ’ ಎಂದು ಹಲವರು ಉಗುಳು ತುಂಬಿಸಿ ಕೊಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ. ಬೆಳಿಗ್ಗೆ ಎದ್ದು ಇದೇ ಕ್ರಮದಲ್ಲಿ ಪ್ರಯತ್ನಿಸಿ, ಬಾರದಿದ್ದರೆ ಬರುತ್ತಿಲ್ಲ ಎಂದೇ ಲ್ಯಾಬಿನಲ್ಲಿ ಹೇಳಿ. ಒಂದೇ ಮನೆಯಲ್ಲಿ ಇರುವವರೆಲ್ಲರೂ, ಕೆಮ್ಮು ಇಲ್ಲದಿದ್ದರೂ, ತಪಾಸಣೆಗೆ ಬರಬೇಕು. ಅವರಲ್ಲಿ ರೋಗವಿಲ್ಲ ಎಂದು ಖಚಿತವಾದ ಮೇಲೆ, ಬೇಕಾದವರಿಗೆ ರೋಗ ತಡೆಯುವ ಮಾತ್ರೆಗಳನ್ನು ಆರೋಗ್ಯ ಕೇಂದ್ರದಲ್ಲೇ ಕೊಡುತ್ತಾರೆ.