ತೊಟ್ಟಿಮನೆಯ ಫೋಟೋಗೆ ಭಯ ಬಂದದ್ದು ಹೀಗೆ

ಅಜ್ಜಿಯ ತೊಟ್ಟಿಮನೆಯಲ್ಲಿ ರಾತ್ರಿ ತಂಗಿಯನ್ನು ನಿಲ್ಲಿಸಿ ದೆವ್ವದ ಫೋಟೋ ತೆಗೆಯಲು ಹೋದೆ. ಎಲ್ಲವೂ ಬೆಳ್ಳಗೆ, ಚಪ್ಪಟೆಯಾಗಿ ಬಂತು. ಭಯವೇ ಇಲ್ಲ.

ಮೊದಲ ತಪ್ಪು ಫ್ಲಾಶ್. ಬೆಳಕು ನೇರ ಎದುರಿನಿಂದ ಬಿದ್ದರೆ ನೆರಳು ಮುಖದ ಹಿಂದೆ ಅಡಗಿಬಿಡುತ್ತದೆ. ಇನ್ನೊಂದು, ಕ್ಯಾಮೆರಾ ತಾನೇ ಎಲ್ಲ ಹೊಂದಿಸಿಕೊಳ್ಳುವ ಆಟೋ ಮೋಡ್. ಅದು ಕತ್ತಲೆಯನ್ನೂ ಬೂದು ಬಣ್ಣಕ್ಕೆ ಎಳೆದು ತರುತ್ತದೆ.

ಫ್ಲಾಶ್ ಆಫ್ ಮಾಡಿದೆ. ಟ್ರೈಪಾಡ್, ಎಲ್ಲವನ್ನೂ ನಾವೇ ಹೊಂದಿಸುವ ಮ್ಯಾನುಯಲ್ ಮೋಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 800, ಲೆನ್ಸಿನ ತೆರಪು ಎಫ್ 2.8, ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡ್. ಟಾರ್ಚನ್ನು ತಂಗಿಯ ಕಾಲ ಬಳಿ ನೆಲದ ಮೇಲಿಟ್ಟು ಮುಖದತ್ತ ತಿರುಗಿಸಿದೆ. ಬಿಸಿಲಾಗಲಿ, ಮನೆಯ ದೀಪವಾಗಲಿ, ನಾವು ಮುಖ ನೋಡುವುದು ಮೇಲಿನ ಬೆಳಕಿನಲ್ಲಿ ಅಲ್ವಾ? ಬೆಳಕು ಕೆಳಗಿನಿಂದ ಬಂದರೆ ಮೂಗಿನ ನೆರಳು ಹಣೆಯತ್ತ ಏರುತ್ತದೆ. ಗೊತ್ತಿರುವ ಮುಖವೇ ಬೇರೆ ಯಾರದೋ ಆಗುತ್ತದೆ. ಟಾರ್ಚಿಗೆ ಬಟರ್ ಪೇಪರ್ ಸುತ್ತಿಯೂ ನೋಡಿದೆ. ನೆರಳಿನ ಅಂಚು ಮೆತ್ತಗಾಯಿತು, ತೆಗೆದುಹಾಕಿದೆ.

ಆದರೂ ಏನೋ ಕೊರತೆ. ತಂಗಿ ಚೌಕಟ್ಟಿನ ನಟ್ಟನಡುವೆ ಇದ್ದಳು. ಕತ್ತಲೆಯ ಕೋಣೆಯೊಳಕ್ಕೆ ಹಿಂದೆ ಸರಿದು, ಅರ್ಧ ತೆರೆದ ಬಾಗಿಲ ಸಂದಿಯಿಂದ ತೆಗೆದೆ. ಮುಕ್ಕಾಲು ಭಾಗ ಸುಮ್ನೆ ಕಪ್ಪು, ಅಂಚಿನಲ್ಲಿ ಅವಳು. ಕಣ್ಣು ಆ ಕಪ್ಪಿನಲ್ಲೇ ಏನನ್ನೋ ಹುಡುಕತೊಡಗಿತು.

ಚಿತ್ರ ತೋರಿಸಿದೆ. "ಅಣ್ಣಾ, ಇದು ನಾನಾ?" ಅಂದಳು.