500 ಜಿಬಿಯಿಂದ 2 ಟಿಬಿಗೆ: ವಿಂಡೋಸ್ ಮತ್ತೆ ಹಾಕದೆ ದಾಟಿಸಿದ್ದು

ನನ್ನ ಅಂಗಡಿಯ ಹಳೇ ಡಿಟಿಪಿ (ಪುಟ ವಿನ್ಯಾಸದ) ಕಂಪ್ಯೂಟರ್ ಈಗ 2 ಟಿಬಿ ಡಿಸ್ಕಿನ ಮೇಲೆ ಓಡುತ್ತಿದೆ. ಅದೇ ವಿಂಡೋಸ್ 7, ಕನ್ನಡ ಟೈಪಿಂಗಿನ ಅದೇ ನುಡಿ, ಅದೇ ಶ್ರೀಲಿಪಿ, ಪುಟ ಜೋಡಿಸುವ ಅದೇ ಪೇಜ್‌ಮೇಕರ್. ಡೆಸ್ಕ್‌ಟಾಪ್ ಮೇಲಿನ ಒಂದು ಐಕಾನ್ ಕೂಡ ಕದಲಿಲ್ಲ. ಕೆಡುತ್ತಿರುವ ಡಿಸ್ಕನ್ನು ಹೀಗೆ ದಾಟಿಸೋಕೆ ಆಗಲ್ಲ ಅಂದಿದ್ದ ಮೂವರಲ್ಲಿ ಇಬ್ಬರು ಬಂದು ನೋಡಿ ಹೋದರು. ಮೂರನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಅಂಗಡಿ ಇರೋದು ದಾವಣಗೆರೆಯ ಅಶೋಕ ರಸ್ತೆ ಹತ್ತಿರದ ಒಂದು ಗಲ್ಲಿಯಲ್ಲಿ. ಲಗ್ನಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಡಿಸೈನ್ ನಮ್ಮ ಕೆಲಸ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂದರೆ ಬ್ಯಾನರ್ ಕೆಲಸದಲ್ಲಿ ನಿದ್ದೆಯೇ ಇರಲ್ಲ. ಮಷಿನ್ ಜೋಡಿಸಿದ್ದು 2012ರಲ್ಲಿ. 500 ಜಿಬಿ ಡಿಸ್ಕ್, ವಿಂಡೋಸ್ ಲೆಕ್ಕದಲ್ಲಿ 465. ಸಿ ಡ್ರೈವ್‌ಗೆ 100, ಉಳಿದಿದ್ದೆಲ್ಲ ಡಿ. ಆ ಡಿ ಒಳಗೆ ಹನ್ನೆರಡು ವರ್ಷದ ಕೋರಲ್ ಡ್ರಾ ಡಿಸೈನ್ ಫೈಲುಗಳಿದ್ದವು. "ನಮ್ಮ ಅಕ್ಕನ ಮದುವೆಗೆ ಕಾರ್ಡ್ ಮಾಡಿದ್ರಲ್ಲ, ಅದೇ ಥರದ್ದು ಕೊಡ್ರಿ" ಅಂತ ಗಿರಾಕಿ ಬಂದರೆ ಹಳೇ ಫೈಲ್ ತೆಗೆದು ಹೆಸರು ಬದಲಾಯಿಸೋದು. ನಮ್ಮ ಲಾಭ ಇರೋದೇ ಅಲ್ಲಿ.

ಏಪ್ರಿಲ್‌ನಲ್ಲಿ, ಮದುವೆ ಸೀಸನ್ ನಡುವೆ, ಎರಡು ತೊಂದರೆ ಒಟ್ಟಿಗೆ ಬಂದವು. ಡಿ ಯಲ್ಲಿ 4 ಜಿಬಿ ಜಾಗ ಉಳಿದಿತ್ತು. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಳದಿಗೆ ತಿರುಗಿತು. ಪೆಂಡಿಂಗ್ ಸೆಕ್ಟರ್, ಅಂದರೆ ಡಿಸ್ಕಿಗೆ ಸರಿಯಾಗಿ ಓದಲಾಗದ ಸಣ್ಣ ತುಂಡುಗಳು, ಮೊದಲ ದಿನ 8 ಇತ್ತು, ವಾರದಲ್ಲಿ ನೂರರ ಹತ್ತಿರ ಹೋಯ್ತು.

ನಮಗೆ ಹಾರ್ಡ್‌ವೇರ್ ಮಾಡಿಕೊಡುವ ಹುಡುಗನನ್ನು ಕರೆಸಿದೆ. ಬಂದವನೇ ಡಿಸ್ಕಿನ ತಪ್ಪು ಹುಡುಕಿ ಸರಿಪಡಿಸುವ ಚೆಕ್‌ಡಿಸ್ಕ್ ಓಡಿಸಿದ, ಅದೂ ಪ್ರತಿ ಸೆಕ್ಟರನ್ನೂ ಓದಿಸುವ ಸ್ಲ್ಯಾಶ್ ಆರ್ ಹಾಕಿ. ಸಾಯುತ್ತಿರುವ ಡಿಸ್ಕಿಗೆ ಅದನ್ನು ಮಾಡಬಾರದು ಅಂತ ನನಗೆ ಆವಾಗ ಗೊತ್ತಿರಲಿಲ್ಲ. ಒಂದು ಗಂಟೆಯಲ್ಲಿ ನೂರು ಇದ್ದದ್ದು ಮುನ್ನೂರು ದಾಟಿತು.

"ಅಣ್ಣಾ, ಸುಮ್ನೆ ಹೊಸ ಡಿಸ್ಕಿಗೆ ಹೊಸ ವಿಂಡೋಸ್ ಹಾಕಿ. ಡೇಟಾ ಎಷ್ಟು ಬರುತ್ತೋ ಅಷ್ಟು ಕಾಪಿ ಹೊಡ್ಕೊಳ್ಳಿ."

"ಫಾಂಟ್, ಲೈಸೆನ್ಸ್, ಸೆಟ್ಟಿಂಗ್ ಎಲ್ಲಾ ಹೋಗುತ್ತಲ್ಲಪ್ಪಾ?"

"ಹೋದ್ರೆ ಹೋಗ್ಲಿ. ಕೆಟ್ಟ ಡಿಸ್ಕ್ ಕ್ಲೋನ್ ಆಗಲ್ಲ, ಇದ್ದದ್ದು ಇದ್ದ ಹಾಗೇ ಪಡಿಯಚ್ಚು ತೆಗೆಯೋಕಾಗಲ್ಲ."

ಬೆಂಗಳೂರಿನ ಒಬ್ಬರು ಫೋನಿನಲ್ಲೇ ಹದಿನಾಲ್ಕು ಸಾವಿರ ಅಂದರು, ಅದೂ ಬರೀ ಡೇಟಾಗೆ. ಬೂಟ್ ಆಗೋ ಹಾಗೆ ಕೊಡ್ತೀರಾ ಅಂದರೆ ನಕ್ಕರು.

ಮೊದಲು ದುಡ್ಡು ಕಳೆದುಕೊಂಡ ಕಥೆ. ಡಿಸ್ಕನ್ನು ಹೊರಗಿನಿಂದ ಜೋಡಿಸೋಕೆ ಏಳುನೂರು ರೂಪಾಯಿಯ ಯುಎಸ್‌ಬಿ ಡಾಕ್ ತಂದೆ. ವಿಂಡೋಸ್ ಒಳಗಿನಿಂದಲೇ ಕ್ಲೋನ್ ಮಾಡುವ ಒಂದು ಸಾಫ್ಟ್‌ವೇರ್ ಹಾಕಿದೆ. ಅದು 60 ಚಿಲ್ಲರೆ ಪರ್ಸೆಂಟ್‌ವರೆಗೆ ಹೋಗಿ ನಿಂತು, ಪೂರ್ತಿ ವರ್ಷನ್ ಕೊಂಡರೆ ಮುಂದೆ ಹೋಗುತ್ತೆ ಅಂತ ಹೇಳಿತು. ಕೊಂಡೆ, ಸುಮಾರು ಎರಡು ಸಾವಿರ. ಮತ್ತೆ ಅದೇ ಜಾಗದಲ್ಲಿ ನಿಂತಿತು. ಆ ಡಾಕ್ ಇನ್ನೊಂದು ಆಟವನ್ನೂ ಆಡಿತು. ಅದರ ಮೂಲಕ ಪಾರ್ಟಿಷನ್ ಮಾಡಿದ (ಸಿ, ಡಿ ಅಂತ ಭಾಗ ಮಾಡಿದ) ಡಿಸ್ಕನ್ನು ಮಷಿನ್ ಒಳಗಿನ ಸಾಟಾ ಕೇಬಲ್‌ಗೆ ಹಾಕಿದರೆ ಪೂರ್ತಿ ಖಾಲಿ. ಡಾಕ್ ಸೆಕ್ಟರ್ ಅಳತೆಯನ್ನು 4096 ಬೈಟ್ ಅಂತ ತೋರಿಸುತ್ತಿತ್ತು, ನೇರವಾಗಿ ಹಾಕಿದರೆ 512. ಇದು ಹೊಳೆಯೋಕೆ ನನಗೆ ಒಂದೂವರೆ ದಿನ ಬೇಕಾಯ್ತು.

ಆಮೇಲೆ ಕ್ಲೋನ್‌ಜಿಲ್ಲಾ, ಡಿಸ್ಕ್ ಕ್ಲೋನ್ ಮಾಡುವ ಉಚಿತ ಸಾಫ್ಟ್‌ವೇರ್. ಕೆಟ್ಟ ಸೆಕ್ಟರ್ ಸಿಕ್ಕ ಕೂಡಲೇ ಕೈ ಎತ್ತಿತು. ರೆಸ್ಕ್ಯೂ ಆಯ್ಕೆ ಕೊಟ್ಟೆ, ಜಾಗ ದೊಡ್ಡದು ಮಾಡೋಕೆ ಕೆ1 ಅನ್ನೋ ಆಯ್ಕೆ ಕೂಡ ಕೊಟ್ಟೆ. ರಾತ್ರಿಯೆಲ್ಲ ಓಡಿ ಮುಗಿಯಿತು. ಬೆಳಿಗ್ಗೆ ಆನ್ ಮಾಡಿದರೆ ಕರಿ ಪರದೆ, ವಿಂಡೋಸ್ ಶುರು ಮಾಡುವ ವಿನ್‌ಲೋಡ್ ಫೈಲ್ ಸಿಗುತ್ತಿಲ್ಲ. ಅದು ಎಲ್ಲವನ್ನೂ ಒಂದೇ ಪ್ರಮಾಣದಲ್ಲಿ ಹಿಗ್ಗಿಸಿತ್ತು. ಡಿಸ್ಕಿನ ಶುರುವಿನಲ್ಲಿರುವ, ಬೂಟ್ ಫೈಲುಗಳ 100 ಎಂಬಿ ಸಿಸ್ಟಮ್ ರಿಸರ್ವ್ಡ್ ಭಾಗ ಕೂಡ 400 ಆಗಿ, ಅದರ ನಂತರದ ಸಿ ಆಚೆಗೆ ಸರಿದಿತ್ತು. ವಿಂಡೋಸ್ 7ರ ಬೂಟ್ ದಾಖಲೆ ಸಿ ಯನ್ನು ಹುಡುಕೋದು ಡಿಸ್ಕಿನ ಸಿಗ್ನೇಚರ್ (ಅದರ ಗುರುತಿನ ಸಂಖ್ಯೆ) ಮತ್ತು ಪಾರ್ಟಿಷನ್ ಶುರುವಾಗುವ ಜಾಗ, ಈ ಎರಡರ ಮೇಲೆ. ರಿಪೇರಿ ಡಿವಿಡಿ ಹಾಕಿ ಸರಿ ಮಾಡಬಹುದಿತ್ತು. ನನ್ನ ಡಿವಿಡಿ ಡ್ರೈವ್ ಸತ್ತು ವರ್ಷ ಆಗಿತ್ತು. ಆದರೆ ಆ ಕರಿ ಪರದೆ ಮುಂದೆ ಕೂತಾಗಲೇ ದಾರಿ ಹೊಳೆದದ್ದು. ಸಿ ಎಷ್ಟು ಬೇಕಾದರೂ ಬೆಳೆಯಲಿ, ಅದರ ತಲೆ ಮಾತ್ರ ಇದ್ದಲ್ಲೇ ಇರಬೇಕು.

ಹಾಗಾಗಿ ಕೆಲಸವನ್ನು ಎರಡಾಗಿ ಒಡೆದೆ. ಮೊದಲು ಕೆಟ್ಟ ಡಿಸ್ಕನ್ನು ಪೂರ್ತಿ ಒಂದು ಇಮೇಜ್ ಫೈಲಿಗೆ ಇಳಿಸೋದು. ಹೊಸ ಡಿಸ್ಕಿನ ಮಾತು ಆಮೇಲೆ. ತಂಗಿ ಮಗನ 1 ಟಿಬಿ ಪೋರ್ಟಬಲ್ ಇಸ್ಕೊಂಡೆ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಕೆಟ್ಟ ಡಿಸ್ಕಿನಿಂದ ಓದಲಾದಷ್ಟನ್ನೂ ಎತ್ತುವ ಡಿಡಿರೆಸ್ಕ್ಯೂ ಹಚ್ಚಿದೆ. ಮಷಿನ್‌ನಲ್ಲಿ ಇರೋದು ಯುಎಸ್‌ಬಿ 2, ಸೆಕೆಂಡಿಗೆ 30 ಎಂಬಿ ಮೇಲೆ ಹೋಗಲ್ಲ. ನಾಲ್ಕು ಗಂಟೆ ಓಡಿದ ಮೇಲೆ ಕರೆಂಟ್ ಹೋಯ್ತು. ಯುಪಿಎಸ್ ಐದು ನಿಮಿಷ ಕೂಗಿ ಮಲಗಿತು. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿರಲಿಲ್ಲ, ಎಲ್ಲ ಮೊದಲಿಂದ. ಎರಡನೇ ಸಲ ಮ್ಯಾಪ್ ಫೈಲ್ ಕೊಟ್ಟೆ, ಅದನ್ನೂ ಪೋರ್ಟಬಲ್ ಮೇಲೇ ಇಟ್ಟೆ. ಆಮೇಲೆ ಕರೆಂಟ್ ಎರಡು ಸಲ ಹೋದರೂ ಬಿಟ್ಟಲ್ಲಿಂದ ಎತ್ತಿಕೊಂಡಿತು.

ಒಮ್ಮೆ ರೀಬೂಟ್ ಆದಾಗ ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳಾದ ಎಸ್‌ಡಿಎ, ಎಸ್‌ಡಿಬಿ ಅದಲು ಬದಲು ಆಗಿದ್ದವು. ಎಂಟರ್ ಒತ್ತೋ ಮುಂಚೆ ಯಾಕೋ ಅನುಮಾನ ಬಂದು ಅಳತೆ ನೋಡಿದೆ. ಒತ್ತಿದ್ದರೆ ತಪ್ಪು ಡಿಸ್ಕನ್ನು ಓದಿಸಿ, ಅಲ್ಲಿವರೆಗಿನ ಇಮೇಜನ್ನೇ ಕೆಡಿಸಿಕೊಳ್ಳುತ್ತಿದ್ದೆ. ಅವತ್ತಿಂದ ಪ್ರತಿ ಡಿಸ್ಕಿಗೂ ಸೀರಿಯಲ್ ನಂಬರಿನ ಕೊನೆ ನಾಲ್ಕು ಅಕ್ಷರ ಬರೆದ ಟೇಪ್ ಅಂಟಿಸುತ್ತೇನೆ.

ಹೊರಗೆ 38 ಡಿಗ್ರಿ, ಡಿಸ್ಕಿನ ಒಳಗೆ 54. ಬಿಸಿ ಜಾಸ್ತಿ ಆದಷ್ಟೂ ಓದೋದು ನಿಧಾನ ಆಗುತ್ತಿತ್ತು. ಕ್ಯಾಬಿನೆಟ್ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆ, 41ಕ್ಕೆ ಇಳಿಯಿತು. ನನ್ನ ಡಿಸ್ಕಿನ ಮಟ್ಟಿಗೆ ಫ್ಯಾನ್ ಕೆಲಸ ಮಾಡಿತು. ಫ್ರಿಜ್ಜಿನಲ್ಲಿಟ್ಟು ತೆಗೆದರೆ ಓದುತ್ತೆ ಅಂತ ಮಂಡಕ್ಕಿ ಮಿರ್ಚಿ ತಿನ್ನುವಾಗ ಒಬ್ಬರು ಹೇಳಿದ್ದರು. ಹೇಗೂ ಸತ್ತಿದ್ದ 80 ಜಿಬಿಯ ಹಳೇ ಕಾಲದ ಐಡಿಇ ಡಿಸ್ಕ್ ಒಂದಿತ್ತು, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟೆ. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ಬೋರ್ಡ್ ಮೇಲೆ ನೀರು ಬೆವರಿತು. ಡಿಸ್ಕ್ ಏಳಲಿಲ್ಲ, ಮನೆಯವಳ ಕೈಲಿ ಬೈಸಿಕೊಂಡಿದ್ದಷ್ಟೇ ಬಂತು.

ಮೊದಲ ಸುತ್ತು, ಕೆಟ್ಟ ಜಾಗ ಕೆರೆಯದೆ, ಐದು ಗಂಟೆ. ಕೆರೆಯೋ ಸುತ್ತು ಒಂದು ರಾತ್ರಿ ಮತ್ತೊಂದು ಹಗಲು. ಸುಮಾರು 40 ಎಂಬಿ ಬಾಕಿ ಇದ್ದದ್ದು ಕೊನೆಗೆ 2 ಎಂಬಿ ಒಳಗೆ ಬಂತು. ಆ ಕೊನೆಯ ಹಠಮಾರಿ ತುಂಡುಗಳನ್ನು ಓದಿಸೋಕೆ ನನ್ನದೇ ಒಂದು ಕೈಚಳಕ ಇದೆ. ಅದನ್ನು ಇಲ್ಲಿ ಬರೆಯಲ್ಲ, ಅದರಿಂದ ಈಗ ನಾಲ್ಕು ಕಾಸು ಬರ್ತಿದೆ.

ಹೊಸ ಡಿಸ್ಕ್ 2 ಟಿಬಿ, ಆಗ ಬೆಲೆ 5,400 ರೂಪಾಯಿ ಆಸುಪಾಸು ಇತ್ತು. 4 ಟಿಬಿ ಯಾಕೆ ಬೇಡ ಅಂದರೆ ಎಂಬಿಆರ್ ಅನ್ನೋ ಹಳೇ ಪಾರ್ಟಿಷನ್ ಪಟ್ಟಿ 2 ಟಿಬಿಗಿಂತ ಹೆಚ್ಚು ಎಣಿಸಲ್ಲ, ಹೊಸ ಬಗೆಯ ಪಟ್ಟಿಯಿಂದ ವಿಂಡೋಸ್ ಬೂಟ್ ಮಾಡೋಕೆ ಬೇಕಾದ ಯುಇಎಫ್‌ಐ ನನ್ನ ಬೋರ್ಡಿನಲ್ಲಿ ಇಲ್ಲ. ಎಸ್‌ಎಸ್‌ಡಿ ಹಾಕಬಾರದಿತ್ತಾ ಅಂತೀರಿ. ಅಷ್ಟೇ ಜಾಗದ್ದಕ್ಕೆ ಹೆಚ್ಚುಕಡಿಮೆ ಡಬಲ್ ಹೇಳಿದರು. ಡಿಸ್ಕ್ ತಗೊಳ್ಳುವಾಗ ಸಿಎಂಆರ್ (ಬರೆಯುವ ಗೆರೆಗಳು ಬಿಡಿಬಿಡಿಯಾಗಿರುವ ಬಗೆ) ಬೇಕು ಅಂತ ಕೇಳಿ ತಗೊಳ್ಳಿ. ಎಸ್‌ಎಂಆರ್ (ಗೆರೆಗಳು ಒಂದರ ಮೇಲೊಂದು ಹತ್ತಿರುವ ಬಗೆ) ಆದರೆ ನೂರಾರು ಜಿಬಿ ಒಟ್ಟಿಗೆ ಬರೆಯುವಾಗ ಅರ್ಧಕ್ಕೇ ಕುಂಟುತ್ತೆ.

ಇಮೇಜಿನ ಮೊದಲ 1 ಎಂಬಿಯನ್ನು ಹಾಗೇ ಹೊಸ ಡಿಸ್ಕಿಗೆ ಬರೆದೆ. ಬೂಟ್ ಕೋಡ್, ಸಿಗ್ನೇಚರ್ ಎಲ್ಲ ಅದರಲ್ಲೇ ಬರುತ್ತೆ. ಆಮೇಲೆ ಪಾರ್ಟಿಷನ್ ಪಟ್ಟಿ ತಿದ್ದುವ ಎಫ್‌ಡಿಸ್ಕ್‌ನಲ್ಲಿ ಸಿಸ್ಟಮ್ ರಿಸರ್ವ್ಡ್ ಮುಟ್ಟದೆ, ಸಿ ಅಳಿಸಿ ಅದೇ ಸೆಕ್ಟರ್‌ನಿಂದ 300 ಜಿಬಿಗೆ ಮತ್ತೆ ಬರೆದೆ. ನನ್ನದರಲ್ಲಿ ಆ ಸೆಕ್ಟರ್ ನಂಬರ್ 206848. ಉಳಿದ ಜಾಗವೆಲ್ಲ ಡಿ ಗೆ. ಬಳಿಕ ಮೂರೂ ಪಾರ್ಟಿಷನ್‌ಗಳನ್ನು ಇಮೇಜಿನಿಂದ ಸೀದಾ ಹೊಸ ಜಾಗಕ್ಕೆ ಸುರಿದೆ. ಮತ್ತೆ ಐದು ಗಂಟೆ.

ಹಳೇ ಡಿಸ್ಕ್ ಬಿಚ್ಚಿ ಪಕ್ಕಕ್ಕಿಟ್ಟು ಆನ್ ಮಾಡಿದೆ. ಎರಡಕ್ಕೂ ಒಂದೇ ಸಿಗ್ನೇಚರ್, ಒಟ್ಟಿಗೆ ಇಟ್ಟರೆ ವಿಂಡೋಸ್ ಗೊಂದಲ ಮಾಡಿಕೊಳ್ಳುತ್ತೆ. ಆ ಬಣ್ಣದ ಕಿಟಕಿ ಮೂಡೋವರೆಗೆ ಉಸಿರಾಡಿದ ನೆನಪಿಲ್ಲ. ಚೆಕ್‌ಡಿಸ್ಕ್ ತಾನೇ ಓಡಿತು, ಈ ಸಲ ಗಟ್ಟಿ ಡಿಸ್ಕಿನ ಮೇಲೆ, ಓಡಲಿ ಅಂತ ಬಿಟ್ಟೆ. ಸಿ ಮಾತ್ರ ಇನ್ನೂ 100 ಜಿಬಿ ಅಂತಲೇ ತೋರಿಸುತ್ತಿತ್ತು. ವಿಂಡೋಸಿನ ಡಿಸ್ಕ್‌ಪಾರ್ಟ್ ಆಜ್ಞೆಗೆ ಹೋಗಿ ಎಕ್ಸ್‌ಟೆಂಡ್ ಫೈಲ್‌ಸಿಸ್ಟಮ್ ಅಂದೆ, ಎರಡು ಸೆಕೆಂಡಿನಲ್ಲಿ 300 ಆಯ್ತು. ಡಿ ಗೂ ಅದನ್ನೇ ಮಾಡಿದೆ. ಡಿ ಜಾಗ ಬದಲಾಗಿತ್ತಲ್ಲ, ಹಾಗಾಗಿ ಇ ಅಂತ ಹೆಸರಿಟ್ಟುಕೊಂಡು ಬಂದಿತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ವಾಪಸ್ ಡಿ ಮಾಡಿದೆ. ಇಲ್ಲದಿದ್ದರೆ ಪೇಜ್‌ಮೇಕರ್‌ನಲ್ಲಿ ಲಿಂಕ್ ಮಾಡಿದ ಫೋಟೋ ಒಂದೂ ಸಿಗುತ್ತಿರಲಿಲ್ಲ. ಒಂದೇ ಒಂದು ಸಾಫ್ಟ್‌ವೇರ್ ಮತ್ತೆ ನೋಂದಣಿ ಕೇಳಿತು. ಅದು ನೋಡೋದು ಡಿಸ್ಕಿನೊಳಗೆ ಕಂಪನಿ ಬರೆದಿಟ್ಟ ಸೀರಿಯಲ್ ನಂಬರ್, ಅದು ಯಾವ ಕ್ಲೋನಿನಲ್ಲೂ ಬರಲ್ಲ. ಬಿಲ್ ಇತ್ತು, ಫೋನ್ ಮಾಡಿದೆ, ಹೊಸ ಕೋಡ್ ಕೊಟ್ಟರು.

ಎಲ್ಲ ಸೇರಿ ಎಂಟು ಸಾವಿರದ ಮೇಲೆ ಸ್ವಲ್ಪ. ಅದರಲ್ಲಿ ಎರಡು ಸಾವಿರದ ಏಳುನೂರು ಸೀದಾ ಗಟಾರಕ್ಕೆ.

ಓದಲಾಗದ ಆ ತುಂಡುಗಳು ಯಾವ ಫೈಲಿನವು ಅಂತ ತಿಳಿಯೋಕೆ, ಸುರಿಯೋ ಮುಂಚೆಯೇ ಡಿಡಿರೆಸ್ಕ್ಯೂದ ಫಿಲ್ ಮೋಡ್‌ನಲ್ಲಿ ಇಮೇಜಿನ ಆ ಜಾಗಕ್ಕೆಲ್ಲ ಒಂದು ಗುರುತಿನ ಪದ ತುಂಬಿದ್ದೆ. ಆಮೇಲೆ ಎಲ್ಲ ಫೈಲಿನೊಳಗೂ ಆ ಪದ ಹುಡುಕಿಸಿದೆ. ಸಿಕ್ಕಿದ್ದು ಒಂಬತ್ತು ಫೈಲ್. ಐದು ಯಾವುದೋ ವಾಲ್‌ಪೇಪರ್, ಎರಡು ಹಾಡು, ಒಂದು ಹಳೇ ಬಿಲ್ ಬುಕ್. ಒಂಬತ್ತನೆಯದು 2014ರ ಒಂದು ಲಗ್ನಪತ್ರಿಕೆ. ಮದುವೆ ಗಂಡು ಈಗಲೂ ಸಿಕ್ಕಾಗ ಮಾತಾಡಿಸ್ತಾನೆ, ಇನ್ನೂ ಹೇಳಿಲ್ಲ.