ಶಿಕಾರಿ ಚೂರಿಗೂ ಟೊಮೆಟೊ ಚಾಕುವಿಗೂ ಒಂದೇ ಮಸೆತ ಸಾಲದು

ನಮ್ಮ ಮನೆಯಲ್ಲಿ ಮಸೆಯುವ ಕೆಲಸ ಈಗ ನನ್ನದೇ. ಮೈಸೂರಿನ ಅಡುಗೆಮನೆಯ ಸ್ಟೀಲ್ ಚಾಕುಗಳು, ಊರಿನಿಂದ ತಂದ ಮೆಟ್ಟುಗತ್ತಿ (ಈಳಿಗೆ ಮಣೆ), ಜೊತೆಗೆ ಅಜ್ಜನ ಕಾಲದ ಒಂದು ಶಿಕಾರಿ ಚೂರಿ. ಊರು ಮೂಡಿಗೆರೆ ಕಡೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನೋದು ಅಪರಾಧ, ಚೂರಿ ಮಾತ್ರ ಉಳಿದುಕೊಂಡಿದೆ. ಈಗ ಅದಕ್ಕೆ ಸಿಗುವ ಕೆಲಸ ಭಾನುವಾರದ ಹಂದಿ ಮಾಂಸ, ಇಲ್ಲದಿದ್ದರೆ ಮೀನು. ಆಯುಧಪೂಜೆಯ ದಿನ ಒಂದಿಷ್ಟು ಅರಿಶಿನ ಕುಂಕುಮ.

ಕಲಿಯಬೇಕು ಅನ್ನಿಸಿದ್ದು ಆ ಚೂರಿಯಿಂದಲೇ. ಅಂಗಡಿಯಲ್ಲಿ ಕೊಟ್ಟರೆ ಸಾಣೆಚಕ್ರಕ್ಕೆ ಹಿಡಿದುಬಿಡುತ್ತಾರೆ. ಒಣಚಕ್ರ ಜೋರಾಗಿ ತಿರುಗುವಾಗ ಕಿಡಿ ಹಾರುತ್ತದೆ, ನೋಡಲು ಚಂದ. ಆದರೆ ಅಲಗಿನ ಅಂಚು ತೀರಾ ತೆಳು, ಕ್ಷಣದಲ್ಲಿ ಕಾಯುತ್ತದೆ. ನಮ್ಮ ಕುಲುಮೆಯ ಕಬ್ಬಿಣಕ್ಕೆ ಹದ ಹಾಕುವಾಗ ಬಣ್ಣ ನೋಡುತ್ತಾರಲ್ಲ, ಅದೇ ಲೆಕ್ಕ ಇಲ್ಲೂ. ಸುಮಾರು 220 ಡಿಗ್ರಿ ದಾಟಿದರೆ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಬರುತ್ತದೆ. 300ರ ಹತ್ತಿರ ನೀಲಿ. ಅಂಚು ನೀಲಿಯಾಯಿತು ಅಂದರೆ ಅಷ್ಟು ಭಾಗದ ಹದ, ಅಂದರೆ ಗಟ್ಟಿತನ ಹೋಯಿತು, ಎಷ್ಟು ಮಸೆದರೂ ಹರಿತ ನಿಲ್ಲೋದಿಲ್ಲ. ಕೊಡಲಿಗೆ, ಗುದ್ದಲಿಗೆ ಚಕ್ರ ಪರವಾಗಿಲ್ಲ, ನಡುನಡುವೆ ನೀರಿಗೆ ಅದ್ದಿದರೆ ಸಾಕು. ಅಜ್ಜನ ಚೂರಿಯನ್ನು ಹಾಗೆ ಕೊಡಲು ಮನಸ್ಸು ಬರಲಿಲ್ಲ.

ಊರಲ್ಲಿ ಹಿಂದೆ ಕಲ್ಲಿಗೂ ದುಡ್ಡು ಕೊಡುತ್ತಿರಲಿಲ್ಲ. ಕೊಟ್ಟಿಗೆಯ ಪಕ್ಕ ಒಂದು ಮರದ ತುಂಡು ಇರುತ್ತಿತ್ತು. ಅದರ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ, ಕತ್ತಿಯನ್ನು ಹಿಂದೆ ಮುಂದೆ ಎಳೆಯುತ್ತಿದ್ದರು. ಬೆಣಚುಕಲ್ಲು ಹದ ಹಾಕಿದ ಉಕ್ಕಿನಷ್ಟೇ ಗಟ್ಟಿ, ಅಥವಾ ಸ್ವಲ್ಪ ಜಾಸ್ತಿ. ಆದ್ದರಿಂದ ಕೊರೆಯುತ್ತದೆ, ಆದರೆ ನಿಧಾನ. ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಮ್ ಅದಕ್ಕಿಂತ ತುಂಬಾ ಗಟ್ಟಿ. 1890ರ ದಶಕದಲ್ಲಿ ಅಮೆರಿಕದ ಅಚೆಸನ್ ಅನ್ನುವವರು ವಿದ್ಯುತ್ ಕುಲುಮೆಯಲ್ಲಿ ಮಾಡಿದ ಪದಾರ್ಥ ಅದು. ಮರಳು, ಇದ್ದಿಲಿನಂಥ ಕಚ್ಚಾ ಮಾಲು, ಭಯಂಕರ ಕಾವು. ಇವತ್ತು ಯಾವ ಸಣ್ಣ ಪೇಟೆಯಲ್ಲೂ ಒಂದು ಕಡೆ ದೊರಗು, ಇನ್ನೊಂದು ಕಡೆ ನಯ ಇರುವ ಎರಡು ಮುಖದ ಕಲ್ಲು ಸಿಗುತ್ತದೆ. ಕಲಿಯಲು ಅದೇ ಸಾಕು. ಆಮೇಲೆ ನಾನು 1000 ನಂಬರಿನ ಒಂದು ನೀರುಕಲ್ಲು ತಗೊಂಡೆ. ನಂಬರು ಏರಿದಷ್ಟೂ ಕಲ್ಲು ನಯ. 6000, 8000 ಅಂತ ಜಪಾನಿನ ಕಲ್ಲುಗಳಿಗೆ ಸಾವಿರಾರು ರೂಪಾಯಿ ಸುರಿಯುವವರಿದ್ದಾರೆ. ಬೇಳೆ ಸಾರಿಗೆ ಈರುಳ್ಳಿ ಹೆಚ್ಚುವವರಿಗೆ ಅದೆಲ್ಲ ಯಾಕೆ, ಅಲ್ವಾ?

ನೀರೋ ಎಣ್ಣೆಯೋ ಅನ್ನುವುದನ್ನು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ಎಣ್ಣೆ ಕುಡಿದ ಕಲ್ಲು ಮತ್ತೆ ನೀರು ಹೀರೋದಿಲ್ಲ. ಎಣ್ಣೆ ಅಂತ ಕೊಬ್ಬರಿ ಎಣ್ಣೆ ಹಾಕಲೇಬೇಡಿ. ಚಳಿಗಾಲದಲ್ಲಿ ಗಟ್ಟಿಯಾಗಿ ಕಲ್ಲಿನ ಕಣ್ಣೆಲ್ಲ ಮುಚ್ಚಿಬಿಡುತ್ತದೆ. ನನ್ನದು ನೀರು. ಕಾರ್ಬೊರಂಡಮ್ ಕಲ್ಲಾದರೆ ಗುಳ್ಳೆ ನಿಲ್ಲುವ ತನಕ ಬಕೆಟ್‌ನಲ್ಲಿ ನೆನೆಸಿ, ಕೆಳಗೆ ಒದ್ದೆ ಬಟ್ಟೆ ಹಾಸಿ ಇಟ್ಟರೆ ಅಲ್ಲಾಡುವುದಿಲ್ಲ.

ಇನ್ನು ಕೋನ. ಎಲ್ಲರೂ ಹೆದರುವುದು ಇದಕ್ಕೇ. ಅಡುಗೆ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಅನ್ನುತ್ತಾರೆ. ಡಿಗ್ರಿ ಕಣ್ಣಿಗೆ ಕಾಣುತ್ತದೆಯೇ? ನಾನು ಎತ್ತರದ ಲೆಕ್ಕ ಇಟ್ಟುಕೊಂಡೆ. ನನ್ನ ದೊಡ್ಡ ಚಾಕುವಿನ ಅಲಗು 40 ಮಿಲಿಮೀಟರ್ ಅಗಲ. ಅಂಚನ್ನು ಕಲ್ಲಿಗೆ ತಾಗಿಸಿ, ಚಾಕುವಿನ ಬೆನ್ನು ಕಲ್ಲಿನಿಂದ 10 ಮಿಲಿಮೀಟರ್ ಮೇಲಿದ್ದರೆ 15 ಡಿಗ್ರಿ. 14 ಮಿಲಿಮೀಟರ್ ಇದ್ದರೆ 20. ನಾಣ್ಯಗಳನ್ನು ಒಂದರ ಮೇಲೊಂದು ಇಟ್ಟು 10 ಮಿಲಿಮೀಟರ್ ಮಾಡಿಕೊಂಡು, ಬೆನ್ನನ್ನು ಅದಕ್ಕೆ ಆನಿಸಿ ಎತ್ತರ ನೋಡಿಕೊಳ್ಳುತ್ತಿದ್ದೆ. ಆಮೇಲೆ ಕೈಯೇ ಹೇಳುತ್ತದೆ. ಅಜ್ಜನ ಚೂರಿಯ ಅಗಲ 30 ಮಿಲಿಮೀಟರ್, ಹಾಗಾಗಿ ಅದೇ ನಾಣ್ಯಗಳ ಎತ್ತರಕ್ಕೆ ಅಲ್ಲಿ 20 ಡಿಗ್ರಿ ಬರುತ್ತದೆ. ಅದಕ್ಕೆ ಬೇಕಾದದ್ದೂ ಅಷ್ಟೇ.

ಕೋನ ಸರಿ ಇದೆಯಾ ಅಂತ ತಿಳಿಯಲು ಮಾರ್ಕರ್ ಪೆನ್ನಿಗಿಂತ ಒಳ್ಳೆ ಗುರು ಇಲ್ಲ. ಅಂಚಿಗೆ ಇಳಿಯುವ ಸಣ್ಣ ಇಳಿಜಾರು ಪಟ್ಟಿಯುದ್ದಕ್ಕೂ ಕಪ್ಪು ಬಳಿದು ಎರಡು ಸಲ ಕಲ್ಲಿನ ಮೇಲೆ ಎಳೆಯಿರಿ. ಬೆನ್ನಿನ ಕಡೆಯ ಕಪ್ಪು ಮಾತ್ರ ಹೋಗಿದ್ದರೆ ಚಾಕು ಜಾಸ್ತಿ ಮಲಗಿದೆ. ಅಂಚಿನ ತುದಿಯದ್ದಷ್ಟೇ ಹೋಗಿದ್ದರೆ ಜಾಸ್ತಿ ಎದ್ದಿದೆ. ಪಟ್ಟಿಯ ಅಗಲಕ್ಕೂ ಕಪ್ಪು ಅಳಿಸಿದ್ದರೆ ಹಾಗೇ ಮುಂದುವರಿಯಿರಿ.

ಈಗ ಮುಖ್ಯ ಸಂಗತಿಗೆ ಬರುತ್ತೇನೆ. ಎಷ್ಟು ಸಲ ಎಳೆಯಬೇಕು ಅಂತ ಎಲ್ಲರೂ ಕೇಳುತ್ತಾರೆ. ಇಪ್ಪತ್ತು, ಐವತ್ತು ಅಂತ ಎಣಿಸುವುದರಲ್ಲಿ ಅರ್ಥವೇ ಇಲ್ಲ. ಒಂದು ಬದಿಯನ್ನು ಮಸೆಯುತ್ತ ಹೋದಂತೆ, ಎರಡು ಇಳಿಜಾರೂ ಕೂಡುವ ಜಾಗಕ್ಕೆ ಕಲ್ಲು ತಲುಪುತ್ತದೆ. ಆಗ ಉಕ್ಕು ಅಲ್ಲಿ ನಿಲ್ಲಲಾಗದೆ ಆಚೆ ಬದಿಗೆ ಮಗುಚಿಕೊಳ್ಳುತ್ತದೆ. ಬರ್ ಅನ್ನುತ್ತಾರಲ್ಲ, ಅದು. ಕಣ್ಣಿಗೆ ಕಾಣುವುದು ಕಷ್ಟ. ಬೆರಳಿಗೆ ಗೊತ್ತಾಗುತ್ತದೆ. ಆಚೆ ಬದಿಯಲ್ಲಿ ಹೆಬ್ಬೆರಳನ್ನು ಬೆನ್ನಿನಿಂದ ಅಂಚಿನ ಕಡೆಗೆ ಮೆಲ್ಲಗೆ ಸವರಿದರೆ, ಕೊನೆಯಲ್ಲಿ ಏನೋ ತಡೆದ ಹಾಗೆ ಒಂದು ಗೀರು. ಅಂಚಿನ ಉದ್ದಕ್ಕೆ ಬೆರಳು ಎಳೆಯಬಾರದು, ಅಡ್ಡಕ್ಕೆ ಮಾತ್ರ. ಆ ಗೀರು ಹಿಡಿಯಿಂದ ಮೊನೆಯ ತನಕ ಎಲ್ಲೂ ಬಿಡದೆ ಸಿಗಬೇಕು. ಅರ್ಧ ಇಂಚು ತಪ್ಪಿದ್ದರೂ ಅಲ್ಲಿ ಹಳೆಯ ಮೊಂಡು ಹಾಗೇ ಇದೆ ಅಂತ ಅರ್ಥ. ಸಿಗುವ ತನಕ ಬದಿ ಬದಲಿಸಬೇಡಿ. ಮನೆಯಲ್ಲಿ ಮಸೆದ ಚಾಕು "ಹರಿತವೇ ಆಗಲಿಲ್ಲ" ಅನ್ನುವವರಲ್ಲಿ ಹೆಚ್ಚಿನವರು ನಿಲ್ಲಿಸುವುದು ಇದಕ್ಕೂ ಮೊದಲೇ.

ಕಿವಿಯೂ ಸಹಾಯಕ್ಕೆ ಬರುತ್ತದೆ. ಶುರುವಿನಲ್ಲಿ ಕಲ್ಲು ಕರಕರ ಅನ್ನುತ್ತದೆ. ಇಳಿಜಾರು ಪೂರ್ತಿ ಕಲ್ಲಿಗೆ ಕೂತ ಮೇಲೆ ಸದ್ದು ಮೆತ್ತಗಾಗುತ್ತದೆ, ಒಂದೇ ಸಮ ಬರುತ್ತದೆ. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಏಳುತ್ತದೆ. ಅದನ್ನು ತೊಳೆದು ಹಾಕಬೇಡಿ, ಕೊರೆಯುವುದು ಅದೂ ಸೇರಿಯೇ.

ಆಚೆ ಬದಿಯನ್ನೂ ಹಾಗೇ ಮಾಡಿ, ಈಚೆಗೆ ಬರ್ ಎದ್ದ ಮೇಲೆ ಒತ್ತಡ ಇಳಿಸುವ ಕೆಲಸ. ಊರಿನ ಕುಲುಮೆಯ ಆಚಾರಿ ನನ್ನ ಕೈ ನೋಡಿ ಹೇಳಿದ್ದು ಇಷ್ಟೇ: "ಅಷ್ಟು ಒತ್ತಬೇಡಿ ಮಾರಾಯ್ರೆ. ಕಲ್ಲು ತಿನ್ಲಿ, ನೀವು ಸುಮ್ನೆ ಕೈ ಆಡ್ಸಿ." ಒತ್ತಡ ಎಷ್ಟು ಅಂತ ತಿಳಿಯಲು ಕಲ್ಲನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲಿಟ್ಟು ಒತ್ತಿ ನೋಡಿದ್ದೆ. ಶುರುವಿಗೆ ಒಂದೂವರೆ, ಎರಡು ಕಿಲೋ ಸಾಕು. ಕೊನೆಗೆ ಕಾಲು ಕಿಲೋ. ಚಾಕುವಿನ ಭಾರಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಾಗೆ ಹಗುರವಾಗಿ ಒಂದೊಂದೇ ಸಲ ಬದಿ ಬದಲಿಸುತ್ತ ಹೋದರೆ ಬರ್ ಸಣ್ಣದಾಗುತ್ತದೆ. ಉಳಿದದ್ದನ್ನು ತೆಗೆಯಲು ಹಳೆಯ ಚರ್ಮದ ಬೆಲ್ಟ್ ಇದೆ. ಮರದ ಹಲಗೆಗೆ ಅಂಟಿಸಿ, ಹಸಿರು ಪಾಲಿಶ್ ಸೋಪು ಉಜ್ಜಿಟ್ಟಿದ್ದೇನೆ. ಕ್ಷೌರದ ಕತ್ತಿಗೆ ಚರ್ಮದ ಪಟ್ಟಿ ಇಟ್ಟುಕೊಳ್ಳುತ್ತಿದ್ದರಲ್ಲ, ಅದೇ ಕೆಲಸ ಇದರದ್ದು. ಬೆಲ್ಟಿನ ಮೇಲೆ ಯಾವಾಗಲೂ ಬೆನ್ನು ಮುಂದೆ, ಅಂಚು ಹಿಂದೆ. ತಿರುಗಿಸಿ ಎಳೆದರೆ ಬೆಲ್ಟೇ ಎರಡು ತುಂಡು.

ಶಿಕಾರಿ ಚೂರಿಯ ಕಷ್ಟವೇ ಬೇರೆ. ಅದರ ಅಲಗು ನೆಟ್ಟಗಿಲ್ಲ. ಅರ್ಧದಿಂದ ಮುಂದಕ್ಕೆ ಹೊಟ್ಟೆಯ ಹಾಗೆ ಬಾಗಿ ಮೊನೆಗೆ ಏರುತ್ತದೆ. ಚರ್ಮ ಸುಲಿಯಲು ಬೇಕಾಗುವುದು ಆ ಬಾಗೇ. ಕಲ್ಲಿನ ಮೇಲೆ ಕೈ ನೇರ ಎಳೆದರೆ ಬಾಗಿನ ಭಾಗ ಕಲ್ಲಿಗೆ ತಾಗುವುದೇ ಇಲ್ಲ. ಬಾಗು ಶುರುವಾಗುವ ಕಡೆಯಿಂದ ಮೊಣಕೈಯನ್ನು ಸ್ವಲ್ಪ ಸ್ವಲ್ಪವೇ ಮೇಲೆತ್ತುತ್ತ ಹೋಗಬೇಕು, ಮಣಿಕಟ್ಟು ತಿರುಗಬಾರದು. ಮೊನೆ ಕಲ್ಲಿನಿಂದ ಆಚೆ ಜಾರುವ ಮೊದಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಮೊನೆ ದುಂಡಗಾಗುತ್ತದೆ. ನಾನು ಈ ಭಾಗವನ್ನು ಬೇರೆಯಾಗಿಯೇ ಮಸೆಯುತ್ತೇನೆ. ಮೊದಲು ನೆಟ್ಟಗಿನ ಭಾಗ, ಆಮೇಲೆ ಬಾಗು, ಕೊನೆಗೆ ಎರಡನ್ನೂ ಸೇರಿಸಿ ಒಂದಿಷ್ಟು ಉದ್ದನೆಯ ಎಳೆತ. ಪ್ರತಿ ಸಲವೂ ಮಾರ್ಕರ್ ಬಳಿಯುತ್ತೇನೆ. ಇದರಲ್ಲಿ ನಾಚಿಕೆ ಏನಿಲ್ಲ.

ಎಷ್ಟು ನಯ ಮಾಡಬೇಕು ಅನ್ನುವುದು ಕೊನೆಯ ಪ್ರಶ್ನೆ. ಇಲ್ಲಿಯೇ ನನ್ನ ಅಭಿಪ್ರಾಯ ಉಳಿದವರಿಗಿಂತ ಸ್ವಲ್ಪ ಬೇರೆ. ಕನ್ನಡಿಯಂತೆ ಹೊಳೆಯುವ ಅಂಚೇ ಒಳ್ಳೆಯದು ಅಂತ ತುಂಬಾ ಜನ ನಂಬುತ್ತಾರೆ. ಶಿಕಾರಿ ಚೂರಿಯನ್ನು ನಾನು ಎರಡು ಮುಖದ ಕಲ್ಲಿನ ನಯದ ಕಡೆಗೇ ಮುಗಿಸುತ್ತೇನೆ. ಬೆಲ್ಟಿಗೆ ಒಂದೆರಡು ಸಲ, ಬರ್ ಹೋಗುವಷ್ಟು ಮಾತ್ರ. ಆ ಅಂಚಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಹಲ್ಲುಗಳು ಉಳಿದಿರುತ್ತವೆ. ಹಂದಿಯ ತೊಗಲು, ಕೊಬ್ಬು, ನಾರು, ಇದೆಲ್ಲಕ್ಕೂ ಎಳೆದು ಕೊಯ್ಯುವ ಅಂಚು ಬೇಕು. ತೀರಾ ನಯವಾದ ಅಂಚು ಒದ್ದೆ ತೊಗಲಿನ ಮೇಲೆ ಜಾರುತ್ತದೆ. ಮೀನಿನ ತೊಗಲಿಗೂ ಅದೇ ಮಾತು. ತರಕಾರಿಯ ತೆಳು ಚಾಕುವಿಗೆ ಮಾತ್ರ 15 ಡಿಗ್ರಿ ಇಟ್ಟು, 1000ರ ಕಲ್ಲು ಮುಗಿಸಿ, ಬೆಲ್ಟಿಗೂ ಚೆನ್ನಾಗಿ ಹಿಡಿಯುತ್ತೇನೆ. ಬೀನ್ಸು, ಕೋಸು, ಸೊಪ್ಪು ಒತ್ತಿ ಹೆಚ್ಚುವವು. ಅಲ್ಲಿ ನಯ ಬೇಕು. ಈರುಳ್ಳಿಯಲ್ಲಂತೂ ವ್ಯತ್ಯಾಸ ಕಣ್ಣಿಗೇ ಗೊತ್ತಾಗುತ್ತದೆ, ಜಜ್ಜದೆ ಕೊಯ್ದರೆ ಖಾರ ಕಡಿಮೆ ಏಳುತ್ತದೆ.

ಪರೀಕ್ಷೆಗೆ ಕೈಯ ಕೂದಲು ಬೋಳಿಸಿ ತೋರಿಸುವ ಶೋಕಿ ಬೇಡ. ಹಣ್ಣಾದ ನಾಟಿ ಟೊಮೆಟೊ ಮೇಲೆ ಚಾಕು ಇಟ್ಟು, ಒತ್ತದೆ ಎಳೆಯಿರಿ. ಸಿಪ್ಪೆ ಕಚ್ಚಿಕೊಂಡರೆ ಆಯಿತು. ಇಡೀ ಅಂಚು ನೋಡಲು ದಿನಪತ್ರಿಕೆಯ ಹಾಳೆ ಸಾಕು. ಎಲ್ಲಿ ಚರ್ ಅಂತ ಹರಿಯುತ್ತದೋ ಅಲ್ಲಿ ಬರ್ ಉಳಿದಿದೆ, ಇಲ್ಲವೇ ಮೊಂಡು ಇದೆ.

ಉಕ್ಕಿನ ಬಗ್ಗೆ ಎರಡು ಮಾತು. ಕುಲುಮೆಯ ಕತ್ತಿಗಳನ್ನು ಈಗ ಹೆಚ್ಚಾಗಿ ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಮಾಡುತ್ತಾರೆ. ಒಳ್ಳೆಯ ಕಾರ್ಬನ್ ಉಕ್ಕು, ಕಲ್ಲಿಗೆ ಬೇಗ ಒಗ್ಗುತ್ತದೆ, ಬರ್ ಕೂಡ ಸುಲಭವಾಗಿ ಬಿಟ್ಟು ಹೋಗುತ್ತದೆ. ತುಕ್ಕು ಮಾತ್ರ ಅಷ್ಟೇ ಬೇಗ. ನಿಂಬೆಹಣ್ಣು ತಾಗಿದರೆ ಕಪ್ಪಾಗುತ್ತದೆ, ಅದು ಕೆಟ್ಟದ್ದೇನಲ್ಲ, ಕೆಂಪು ತುಕ್ಕು ಬರದಂತೆ ನೋಡಿಕೊಂಡರೆ ಸಾಕು. ತೊಳೆದು, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ. ಕಲ್ಲಿಗೆ ಬೇಡ ಅಂದ ಎಣ್ಣೆ ಇಲ್ಲಿಗೆ ಸರಿ. ಅಗ್ಗದ ಸ್ಟೀಲ್ ಚಾಕುವಿನಲ್ಲಿ ಬರ್ ಹಠಮಾರಿ. ಆ ಕಡೆ ಈ ಕಡೆ ಮಗುಚುತ್ತಲೇ ಇರುತ್ತದೆ, ಉದುರುವುದಿಲ್ಲ. ಅದಕ್ಕೆ ಕೊನೆಯ ಒಂದೆರಡು ಎಳೆತದಲ್ಲಿ ಬೆನ್ನನ್ನು ಕೂದಲೆಳೆಯಷ್ಟು ಮೇಲೆತ್ತಿದರೆ ಬಿಟ್ಟು ಹೋಗುತ್ತದೆ.

ಮೆಟ್ಟುಗತ್ತಿಗೆ ಬಂದರೆ ಲೆಕ್ಕ ತಿರುಗಾಮುರುಗಾ. ಕತ್ತಿ ಮಣೆಗೆ ಕಚ್ಚಿಕೊಂಡು ನಿಂತಿರುತ್ತದೆ, ಓಡಬೇಕಾದ್ದು ಕಲ್ಲು. ಕಾರ್ಬೊರಂಡಮ್ ಕಲ್ಲಿನ ಒಡೆದ ತುಂಡು ಒಂದನ್ನು ಇದಕ್ಕೇ ಇಟ್ಟಿದ್ದೇನೆ. ಮಣೆಯನ್ನು ಕಾಲಿನಲ್ಲಿ ಮೆಟ್ಟಿ, ಬುಡದಿಂದ ತುದಿಗೆ ಒಂದು ಬದಿ, ಆಮೇಲೆ ಇನ್ನೊಂದು. ಬೆರಳುಗಳು ಕಲ್ಲಿನ ಅಂಚಿನಿಂದ ಹಿಂದೆ ಇರಲಿ. ತುದಿಯಲ್ಲಿರುವ ಕಾಯಿ ತುರಿಯುವ ಹಲ್ಲುಗಳಿಗೆ ಸಣ್ಣ ಮುಮ್ಮೂಲೆ ಅರ ಬೇಕು. ಹಲ್ಲಿನ ಸಂದಿಗೆ ಒಂದೆರಡು ಸಲ ತಾಗಿಸಿದರೆ ಸಾಕು, ತುರಿ ಹೂವಿನಂತೆ ಬೀಳುತ್ತದೆ. ಅಮ್ಮ ಮೆಚ್ಚಿದ್ದು ಇದೊಂದನ್ನೇ. ಅಡುಗೆ ಚಾಕುಗಳ ಹರಿತ ನೋಡಿ "ಯಾರ ಕೈ ಕೊಯ್ಯೋಕೆ ಇದು?" ಅಂದಿದ್ದರು.

ಮಸೆಯುತ್ತ ಮಸೆಯುತ್ತ ಕಲ್ಲಿನ ನಡುವೆ ಹಳ್ಳ ಬೀಳುತ್ತದೆ. ಹಳ್ಳ ಬಿದ್ದ ಕಲ್ಲಿನ ಮೇಲೆ ಕೋನ ನಿಲ್ಲುವುದಿಲ್ಲ. ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕುಳಿ ಗೆರೆ ಎಳೆದು, ಗ್ರಾನೈಟ್ ತುಂಡಿನ ಮೇಲೆ ದೊರಗು ವಾಟರ್ ಪೇಪರ್ ಹಾಸಿ, ನೀರು ಬಿಟ್ಟು ಉಜ್ಜುತ್ತೇನೆ. ಎಲ್ಲ ಗೆರೆ ಅಳಿಸಿದರೆ ಕಲ್ಲು ಸಮವಾಯಿತು.

ಹರಿತ ಹಾಳಾಗುವುದು ತರಕಾರಿಯಿಂದಲ್ಲ. ಸ್ಟೀಲ್ ತಟ್ಟೆಯಲ್ಲಿ ಹೆಚ್ಚುವುದು, ಗ್ರಾನೈಟ್ ಕಟ್ಟೆಯ ಮೇಲೆಯೇ ಕೊಯ್ಯುವುದು, ಸಿಂಕಿನಲ್ಲಿ ಪಾತ್ರೆಗಳ ಜೊತೆ ಬಿಸಾಡುವುದು, ಇವು ಮೂರು ನಿಂತ ಮೇಲೆ ನಮ್ಮ ಮನೆಯಲ್ಲಿ ಕಲ್ಲು ಹೊರಗೆ ಬರುವುದೇ ಅಪರೂಪ. ನಡುವೆ ಬೆಲ್ಟಿಗೆ ಹಿಡಿದರೆ ಆಗುತ್ತದೆ. ಅದೂ ಇಲ್ಲದ ಮನೆಯಲ್ಲಿ, ಪಿಂಗಾಣಿ ಕಪ್ಪನ್ನು ಬೋರಲು ಹಾಕಿ ತಳದ ಹೊಳಪಿಲ್ಲದ ಉಂಗುರದ ಮೇಲೆ ನಾಲ್ಕು ಸಲ ಎಳೆದರೂ ಸಂಜೆಯ ಅಡುಗೆ ಮುಗಿಯುತ್ತದೆ. ನಡುವಿನ ಸಂದಿಗೆ ಚಾಕು ಹಾಕಿ ಎಳೆಯುವ ಪ್ಲಾಸ್ಟಿಕ್ ಸಾಧನ ಮಾತ್ರ ನನಗೆ ಆಗಿಬರುವುದಿಲ್ಲ. ಅದು ಅಂಚನ್ನು ಕೆರೆದು ಕಿತ್ತುಹಾಕುತ್ತದೆ.

ಕತ್ತರಿಗಳನ್ನು ಮತ್ತು ಬ್ರೆಡ್ ಕೊಯ್ಯುವ ಗರಗಸದ ಹಲ್ಲಿನ ಚಾಕುವನ್ನು ನಾನು ಮುಟ್ಟುವುದಿಲ್ಲ. ಕತ್ತರಿಯ ಎರಡು ಅಲಗೂ ಒಂದಕ್ಕೊಂದು ಉಜ್ಜಿಕೊಂಡು ಹೋಗಬೇಕು. ಒಳಮುಖದಲ್ಲಿ ಕೈ ತಪ್ಪಿದರೆ ಬಟ್ಟೆ ಕೊಯ್ಯುವ ಬದಲು ಮಡಚುತ್ತದೆ. ಅದಕ್ಕೆ ಬೀದಿಯಲ್ಲಿ ಸೈಕಲ್ ಮೇಲೆ ಚಕ್ರ ಕಟ್ಟಿಕೊಂಡು ಕೂಗುತ್ತ ಬರುವವರಿದ್ದಾರೆ. ಟೈಲರ್‌ಗಳೂ ಅವರಿಗೇ ಕೊಡುತ್ತಾರೆ, ನಾನೂ ಕೊಡುತ್ತೇನೆ.